ಎರಡು ಸಲ ಮಾಡಿದ ಪ್ರಮಾಣ

ಹೋದ ವರ್ಷ ರಾಯಚೂರಿನ ಕೋರ್ಟಿನ ಎದುರು ಒಂದು ನೋಟರಿ ಕೋಣೆಗೆ ಹೋಗಬೇಕಾಗಿ ಬಂತು. ಒಂದು ಕಾಗದದಲ್ಲಿ ನನ್ನ ಹೆಸರು ರುಕ್ಮಿಣಿ ಅಂತ ಇದೆ, ಇನ್ನೊಂದರಲ್ಲಿ ರುಕ್ಮಿಣಿಬಾಯಿ ಅಂತ. ಇಬ್ಬರೂ ಒಬ್ಬಳೇ ಎಂದು ಬರೆದುಕೊಡಬೇಕಿತ್ತು. ಗುಮಾಸ್ತ ಶಾಯಿ ಪ್ಯಾಡಿನ ಮುಚ್ಚಳ ತೆಗೆದ. ಆ ನೇರಳೆ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಹಿಡಿದ ಪೆನ್ನನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ.

"ಯವ್ವಾ, ದೇವರ ಮ್ಯಾಲೆ ಪ್ರಮಾಣ ಮಾಡಿ ಹೇಳಾಕತ್ತೀರಿ, ಹೌದಲ್ರೀ? ಹಂಗಾರ ಇಲ್ಲಿ ಸಹಿ ಹಾಕ್ರಿ" ಅಂದ.

ಅವನಿಗೆ ಅದು ದಿನವಿಡೀ ಹೇಳುವ ಮಾತು. ನಾನು ಪೆನ್ನು ಎತ್ತಿಕೊಳ್ಳಲು ತಡಮಾಡಿದ್ದನ್ನು ನೋಡಿ, "ವಯಸ್ಸಾತಲ್ರೀ" ಎಂದು ತಾನೇ ಸಮಾಧಾನ ಹೇಳಿದ. ಅದು ವಯಸ್ಸಿನ ತಡ ಅಲ್ಲ. ಹೆಸರು ನನ್ನದೇ ಎಂದು ಗೊತ್ತಿದ್ದೂ ಮೂರು ಸಲ ಓದಿ, ಆಮೇಲೆ ಸಹಿ ಹಾಕಿದೆ. ಮನೆಗೆ ಬಂದು ಕೈಕಾಲು ತೊಳೆದು ದೇವರ ಮುಂದೆ ಕೂತಾಗ ಆ ಒಂದು ವರ್ಷದ ನಾಲ್ಕು ತಿಂಗಳು ಒಂದೊಂದಾಗಿ ಎದ್ದು ಬಂದವು.

ಎಂಬತ್ತರ ದಶಕದ ಮೊದಲ ವರ್ಷಗಳು. ಶಕ್ತಿನಗರದಲ್ಲಿ ವಿದ್ಯುತ್ ಕೇಂದ್ರ ಏಳುತ್ತಿತ್ತು, ಕಬ್ಬಿಣ ಹೇರಿದ ಲಾರಿಗಳು ನಮ್ಮ ಓಣಿಯ ತುದಿಯಲ್ಲಿ ಧೂಳೆಬ್ಬಿಸಿ ಹೋಗುತ್ತಿದ್ದವು. ಹತ್ತಿ ಬಿಡಿಸುವ ಕಾಲಕ್ಕಂತೂ ಗಾಡಿಗಳಿಂದ ಹಾರಿದ ಅರಳೆ ನಮ್ಮ ತುಳಸಿಕಟ್ಟೆಗೂ ಬಂದು ಅಂಟಿಕೊಳ್ಳುತ್ತಿತ್ತು. ನಮ್ಮ ಯಜಮಾನರು ಬೆಳಿಗ್ಗೆ ಕೋರ್ಟಿಗೆ ಹೋಗುತ್ತಿದ್ದರು, ಸಂಜೆ ಕಾನೂನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ನನಗೆ ಮಡಿ, ಅಡುಗೆ, ದೇವರ ಮನೆ, ಅತ್ತೆಯವರ ಸೇವೆ. ಮದುವೆಯಾಗಿ ಐದು ವರ್ಷವಾಗಿತ್ತು. ಎರಡು ಸಲ ಗರ್ಭ ನಿಂತು, ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಗಿತ್ತು. ಮೊದಲನೆಯದು ಮಾನ್ವಿಯ ನನ್ನ ಅಪ್ಪನಿಗೆ ಗೊತ್ತಿತ್ತು. ಎರಡನೆಯದನ್ನು ನಾನು ತಿಳಿಸಲೇ ಇಲ್ಲ. ಮೊದಲ ಸಲ ಕಾಗದ ಓದಿ ಅಪ್ಪ ಎರಡು ದಿನ ಊಟ ಬಿಟ್ಟಿದ್ದರೆಂದು ಅಣ್ಣ ಹೇಳಿದ್ದ. ಅದಕ್ಕೇ ಎರಡನೇ ಸಲ ಹಾಸಿಗೆಯಲ್ಲಿ ಮಲಗಿಕೊಂಡೇ "ನಾನು ಕ್ಷೇಮ" ಅಂತ ಬರೆದು ಹಾಕಿದ್ದೆ.

ಆ ವರ್ಷ ವಿಶ್ವವಿದ್ಯಾಲಯದವರು ಅಣಕು ನ್ಯಾಯಾಲಯದ ಸ್ಪರ್ಧೆ ಇಟ್ಟರು. ಒಂದು ಕಟ್ಟುಕಥೆಯ ಮೊಕದ್ದಮೆಯನ್ನು ಕಾಲೇಜಿನ ಹುಡುಗರು ವಕೀಲರಾಗಿ ನಿಂತು ನಿಜವಾದ ಕೋರ್ಟಿನ ಹಾಗೆ ನಡೆಸಬೇಕು, ಜನರಿಗೂ ಕೋರ್ಟು ಅಂದರೇನು ತಿಳಿಯಲಿ ಎಂದು ತಾಲೂಕು ಊರುಗಳಲ್ಲಿ ನಡೆಸಬೇಕು. ನಮ್ಮ ಕಾಲೇಜಿಗೆ ಮೊದಲ ಸುತ್ತು ಮಾನ್ವಿಯಲ್ಲಿ, ಎರಡನೆಯದು ದೇವದುರ್ಗದಲ್ಲಿ, ಗೆದ್ದು ಉಳಿದರೆ ಕೊನೆಯದು ರಾಯಚೂರಿನಲ್ಲೇ. ತಂಡ ಕಟ್ಟಿದವರು ನಮ್ಮ ಯಜಮಾನರು.

ಮೊಕದ್ದಮೆಯ ಕಥೆ ಇಷ್ಟು. ಚಂದ್ರಬಂಡದ ಒಬ್ಬ ಮುದುಕ ಸಾಯುತ್ತಾನೆ. ಹೊಲವೆಲ್ಲ ಕಿರಿಯ ಮಗನಿಗೆ ಎಂದು ಹೆಬ್ಬೆಟ್ಟು ಒತ್ತಿದ ಉಯಿಲು ಸಿಗುತ್ತದೆ. ಹಿರಿಯ ಮಗ ಕೋರ್ಟಿಗೆ ಹೋಗುತ್ತಾನೆ. ನಮ್ಮ ಹುಡುಗರು ಕಿರಿಯ ಮಗನ ಪರ. ಅವರ ಒಬ್ಬಳೇ ಸಾಕ್ಷಿ ಪಕ್ಕದ ಮನೆಯ ನಾಗಮ್ಮ. ಮುದುಕ ಎಚ್ಚರವಾಗಿದ್ದಾಗ ತಾನೇ ಹೆಬ್ಬೆಟ್ಟು ಒತ್ತಿದ್ದನ್ನು ಕಣ್ಣಾರೆ ಕಂಡೆ ಎಂದು ನಾಗಮ್ಮ ಹೇಳಬೇಕು. ಆದರೆ ನಿಜ ಬೇರೆ, ಅದನ್ನು ನಮ್ಮ ತಂಡಕ್ಕಷ್ಟೇ ಮುಚ್ಚಿದ ಲಕೋಟೆಯಲ್ಲಿ ಕೊಟ್ಟಿದ್ದರು. ನಾಗಮ್ಮ ಬರುವ ಹೊತ್ತಿಗೆ ಮುದುಕನ ಉಸಿರು ಹೋಗಿತ್ತು, ಹೆಣದ ಬೆರಳಿಗೆ ಶಾಯಿ ಹಚ್ಚಿ ಒತ್ತಿದ್ದರು. ಎದುರಿನವರು ಎಷ್ಟೇ ಪಾಟೀಸವಾಲು ಮಾಡಿದರೂ ಈ ಸಾಕ್ಷಿ ಒಡೆಯಬಾರದು. ಒಡೆಯದಿದ್ದರೆ ನಮಗೆ ಗೆಲುವು.

ಒಂದು ಸಂಜೆ ಹುಡುಗರು ನಮ್ಮ ಪಡಸಾಲೆಯಲ್ಲಿ ಕೂತು ಇದೇ ಚಿಂತೆ ಮಾಡುತ್ತಿದ್ದರು. ಬಸಲಿಂಗಪ್ಪ ದೇವದುರ್ಗದ ಕಡೆಯವನು, ತಂಡದ ಮುಖ್ಯ ವಕೀಲ, ಎಲ್ಲವನ್ನೂ ಪ್ರಾಣ ಹೋಗುವ ಹಾಗೆ ಹಚ್ಚಿಕೊಳ್ಳುವವನು. ಖಾಜಾಹುಸೇನ ರಾಯಚೂರಿನ ಹತ್ತಿ ಅಡತಿ ವ್ಯಾಪಾರದವರ ಮಗ, ಸಾಕ್ಷಿಯನ್ನು ವಿಚಾರಿಸುವ ಕೆಲಸ ಅವನದು.

"ಸರ, ನಮ್ಮ ಕ್ಲಾಸಿನ್ಯಾಗ ಇರೋರೇ ಇಬ್ಬರು ಹೆಣ್ಮಕ್ಕಳು" ಅಂದ ಬಸಲಿಂಗಪ್ಪ. "ಊರೂರು ತಿರುಗೋದು ಬ್ಯಾಡಂತ ಇಬ್ಬರ ಮನ್ಯಾಗೂ ಅಂದಾರ. ನಾಗಮ್ಮನ ಪಾತ್ರಕ್ಕ ಖಾಜಾಗ ಸೀರಿ ಉಡಿಸೋದೇನ್ರೀ?"

"ಸೀರಿ ಉಡತೀನಿ, ಮೀಸಿ ಮಾತ್ರ ತೆಗಿಯಂಗಿಲ್ಲ ನೋಡ್ರಿ" ಅಂದ ಖಾಜಾ.

ಕಾಫಿ ತಂದ ನನಗೆ ನಗು ತಡೆಯಲಿಲ್ಲ. ಯಜಮಾನರು ತಲೆಯೆತ್ತಿ ನನ್ನನ್ನು ನೋಡಿದರು. ವಕೀಲರಾಗುವವರು ಮಾತ್ರ ವಿದ್ಯಾರ್ಥಿಗಳಾಗಿರಬೇಕು, ಸಾಕ್ಷಿ ಯಾರಾದರೂ ನಡೆದೀತು ಎಂದು ನಿಯಮವಿತ್ತು. ಒಮ್ಮೆ ಹೆಸರು ಕೊಟ್ಟ ಸಾಕ್ಷಿಯನ್ನು ಕೊನೆಯವರೆಗೆ ಬದಲಿಸುವಂತಿಲ್ಲ ಎಂಬುದೂ ಅದೇ ನಿಯಮದಲ್ಲಿತ್ತು. ಅದನ್ನು ಆಗ ಯಾರೂ ದೊಡ್ಡದು ಮಾಡಲಿಲ್ಲ. ಅತ್ತೆಯವರು ಒಳಗಿನಿಂದಲೇ, "ಹೋಗಲಿ ಬಿಡು, ಮಾನ್ವಿಗೆ ಹೋಗಿ ಅಪ್ಪನ್ನ ನೋಡ್ಕೊಂಡು ಬಂದಂಗಾತು" ಅಂದರು. ಹೀಗೆ ನಾನು ನಾಗಮ್ಮನಾದೆ.

ಖಾಜಾಹುಸೇನನೇ ನನಗೆ ಕಲಿಸಿದವನು. "ವೈನಿಯವರ, ಸುಳ್ಳು ಹೇಳಾಕ ಹೋಗಬ್ಯಾಡ್ರಿ. ನೆನಪು ಮಾಡ್ಕೊಳ್ರಿ, ಅಷ್ಟೆ. ಮುದುಕಪ್ಪ ಯಾವ ಕಡಿ ಮಾರಿ ಮಾಡಿ ಮಲಗಿದ್ದ? ಹೊರಸು ಹಗ್ಗದ್ದೋ, ನವಾರದ್ದೋ?" ಎಂದು ಕೇಳುತ್ತಿದ್ದ. ಮೊದಲು ತೊದಲಿದೆ. ಮೂರನೆಯ ದಿನಕ್ಕೆ ಹೊರಸು ನನ್ನ ಕಣ್ಣಿಗೆ ಕಂಡಿತು. ಶಾಯಿ ಪ್ಯಾಡು ತೆರೆದಿಟ್ಟು ಅವನು ತನ್ನ ಹೆಬ್ಬೆಟ್ಟು ಒತ್ತಿ ತೋರಿಸಿದಾಗ, "ಒತ್ತಿದ ಮ್ಯಾಲೆ ಬೆರಳು ಧೋತರದ ಅಂಚಿಗೆ ಒರಿಸ್ಕೊಂಡ್ರು" ಎಂದು ನನ್ನ ಬಾಯಿಂದ ತಾನಾಗಿ ಬಂತು. ಅದು ಯಾರೂ ಬರೆದುಕೊಟ್ಟ ಮಾತಲ್ಲ. ಖಾಜಾ ಬಾಯಿ ಮೇಲೆ ಕೈ ಇಟ್ಟುಕೊಂಡ.

ನಿಜ ಹೇಳಬೇಕು, ಅದು ನನಗೆ ಹಿಡಿಸಿತು. ನನ್ನ ಮಾತು ಮುಗಿಯುವ ತನಕ ಯಾರಾದರೂ ಕಾದು ಕೂತದ್ದು ಅದೇ ಮೊದಲು.

ಮಾರ್ಗಶಿರದಲ್ಲಿ ಒಂದು ರವಿವಾರ ಮಾನ್ವಿಗೆ ಬಸ್ಸಿನಲ್ಲಿ ಹೋದೆವು. ಸಭಾಭವನ ತುಂಬಿತ್ತು, ಹಳ್ಳಿಗಳಿಂದಲೂ ಜನ ಬಂದಿದ್ದರು. ಮೂರನೆಯ ಸಾಲಿನಲ್ಲಿ ಅಪ್ಪ ಕೂತಿದ್ದರು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿ, ಹನುಮಂತದೇವರ ಗುಡಿಯ ಪೂಜೆ ನೋಡಿಕೊಳ್ಳುತ್ತಿದ್ದರು. ಅಂಗಿ ಹಾಕಿ, ಹೆಗಲಿಗೆ ಶಲ್ಯ ಹೊದ್ದು, ಮಗಳು ಮಾತಾಡುತ್ತಾಳೆ ಎಂದು ಮುಂಚೆಯೇ ಬಂದು ಜಾಗ ಹಿಡಿದಿದ್ದರು. ನಿವೃತ್ತ ಮುನ್ಸೀಫರೊಬ್ಬರು ನ್ಯಾಯಾಧೀಶರ ಪೀಠದಲ್ಲಿದ್ದರು. ನನ್ನನ್ನು ಕಟಕಟೆಗೆ ಕರೆದರು. ಬೆಂಚ್ ಕ್ಲಾರ್ಕ್ ಹೇಳಿಕೊಟ್ಟದ್ದನ್ನು ನಾನು ಹೇಳಿದೆ: "ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ."

ಅಭ್ಯಾಸದ ದಿನಗಳಲ್ಲಿ ಈ ಮಾತನ್ನು ಬಿಟ್ಟೇ ಮುಂದಕ್ಕೆ ಹೋಗುತ್ತಿದ್ದೆವು. ಅದು ನಾಲಿಗೆಯಿಂದ ಹೊರಗೆ ಬಿದ್ದ ಮೇಲೆ ನನಗೆ ಧಸಕ್ಕೆಂದಿತು. ನಮ್ಮ ಮನೆಯಲ್ಲಿ ಆಣೆ ಎನ್ನುವ ಮಾತೇ ಇರಲಿಲ್ಲ. ಚಿಕ್ಕವಳಿದ್ದಾಗ "ದೇವರಾಣಿ" ಅಂದದ್ದಕ್ಕೆ ಅಪ್ಪ ಊಟದ ಎಲೆಯ ಮುಂದಿನಿಂದ ಎಬ್ಬಿಸಿ ಬಾಯಿ ಮುಕ್ಕಳಿಸಲು ಹೇಳಿದ್ದರು. ಆದರೆ ಯೋಚನೆ ಮಾಡಲು ಹೊತ್ತಿಲ್ಲ, ಖಾಜಾ ಪ್ರಶ್ನೆ ಶುರು ಮಾಡಿದ್ದ. ಆಮೇಲೆ ಎದುರಿನ ಹುಡುಗ ಎದ್ದ.

"ಬಲಗೈಯೋ, ಎಡಗೈಯೋ?"

"ಎಡಗೈರೀ. ಬಲಗೈ ನಡಗತಿತ್ತು."

"ಆ ಹೊತ್ತಿಗೆ ಮುದುಕಪ್ಪನ ಜೀವ ಹೋಗಿತ್ತು, ಹೌದಲ್ರೀ?"

"ಒತ್ತಿದ ಮ್ಯಾಲೆ ಬೆರಳು ಧೋತರದ ಅಂಚಿಗೆ ಒರಿಸ್ಕೊಂಡ್ರು. ಸತ್ತವರು ಬೆರಳು ಒರಿಸ್ಕೋತಾರೇನ್ರೀ?"

ಸಭೆ ಹೋ ಎಂದಿತು. ನಾವು ಗೆದ್ದೆವು. ಹೊರಗೆ ಬಂದಾಗ ಹಿರೇಕೊಟ್ನೆಕಲ್ಲಿನ ಒಬ್ಬ ವಯಸ್ಸಾದ ಹೆಂಗಸು ನನ್ನ ಸೆರಗು ಹಿಡಿದಳು.

"ಯವ್ವಾ, ಹಿರೇ ಮಗಗ ಹೊಲದಾಗ ಏನೂ ಬರಂಗಿಲ್ಲೇನು?"

"ಇದು ಆಟ ಅಜ್ಜಿ, ಖರೇ ಅಲ್ಲ."

"ದೇವರ ಮ್ಯಾಲೆ ಪ್ರಮಾಣ ಮಾಡಿ ಹೇಳಿದ್ಯಲ್ಲ ಬೇ" ಅಂದಳು. "ಆಟ ಹ್ಯಾಂಗಾಕೈತಿ?"

ಸೆರಗು ಬಿಡಿಸಿಕೊಂಡು ಹುಡುಗರ ಕಡೆ ನಡೆದೆ. ತವರಿನಲ್ಲಿ ಊಟ ಮಾಡಿದೆವು. ಅಪ್ಪ ಹುಡುಗರಿಗೆಲ್ಲ ಕೂತು ಬಡಿಸಿದರು, ನನ್ನ ಜೊತೆ ಮಾತಾಡಲಿಲ್ಲ. ಬಸ್ಸಿಗೆ ಹೊರಡುವಾಗ ಮಾತ್ರ ಮೆಲ್ಲಗೆ ಕೇಳಿದರು: "ಅಷ್ಟು ಸರಾಗ ಹ್ಯಾಂಗ ಬಂತವ್ವಾ ನಿನಗ?"

ದೇವರ ಹೆಸರಿನ ಸಲುವಾಗಿಯೇ ಹಾಗೆ ಕೇಳಿದರೆಂದು ತಿಳಿದೆ. ದಾರಿಯುದ್ದಕ್ಕೂ ಹುಡುಗರು ಹಾಡುತ್ತಿದ್ದರು, ನಾನು ಕಿಟಕಿಯ ಸರಳು ಹಿಡಿದು ರಾಯರ ನಾಮ ಹೇಳುತ್ತ ಕೂತೆ.

ನಮ್ಮಂಥ ಮನೆಯಲ್ಲಿ ಕೆಲವು ವಿಷಯ ಮುಚ್ಚಿಡಲು ಬರುವುದಿಲ್ಲ. ತಿಂಗಳಲ್ಲಿ ಮೂರು ದಿನ ಹೊರಗೆ ಕೂಡಬೇಕಾದವಳು ಕೂಡದಿದ್ದರೆ ಎಲ್ಲರಿಗಿಂತ ಮೊದಲು ಲೆಕ್ಕ ಹಿಡಿಯುವವರು ಅತ್ತೆ. ಮಾನ್ವಿಯಿಂದ ಬಂದು ಹತ್ತು ದಿನದ ಮೇಲೆ ಅವರು ಪಂಚಾಂಗ ನೋಡಿ, ಆಮೇಲೆ ನನ್ನ ಮುಖ ನೋಡಿ, ಬಾಗಿಲು ಓರೆ ಮಾಡಿ ಹೇಳಿದರು: "ಮೂರು ತಿಂಗಳು ತುಂಬೋತನಕ ಬಾಯಿ ಬಿಡಬ್ಯಾಡ. ನಿನ್ನ ತವರಿಗೂ ಬರಿಬ್ಯಾಡ."

ಸಂತೋಷ ಪಡಬೇಕಾದ ಹೊತ್ತು ಅದು. ನಾನು ಬೆರಳು ಮಡಚಿ ದಿನ ಎಣಿಸಿದೆ. ಮಾನ್ವಿಯ ಕಟಕಟೆಯಲ್ಲಿ ದೇವರ ಹೆಸರು ಹಿಡಿದು ಸುಳ್ಳು ಹೇಳಿದಾಗ ಇದು ಹೊಟ್ಟೆಯೊಳಗೆ ಇತ್ತು. ಒಲೆಯ ಪಕ್ಕ ಕೂತುಬಿಟ್ಟೆ. ಎರಡು ಹೋದಾಗ ಯಾಕೆ ಹೋದವೆಂದು ನನಗೆ ಗೊತ್ತಿರಲಿಲ್ಲ. ಇದು ಹೋದರೆ ಯಾಕೆಂದು ಗೊತ್ತಿರುತ್ತದೆ. ಆ ತಿಳಿವಳಿಕೆಯೇ ನನ್ನನ್ನು ಹೆದರಿಸಿತು.

ದೇವದುರ್ಗದ ಸುತ್ತಿಗೆ ಇನ್ನೂ ಒಂದು ತಿಂಗಳಿತ್ತು. ಲೇಡಿ ಡಾಕ್ಟರು ಕುಲುಕಾಟ ಬೇಡ ಎಂದಿದ್ದರು. ಯಜಮಾನರು ರಾತ್ರಿ ಊಟ ಬಿಟ್ಟೆದ್ದು, "ಬಿಟ್ಟುಬಿಡೂಣು. ಹುಡುಗರಿಗೆ ನಾ ಹೇಳ್ತೀನಿ" ಅಂದರು.

"ಏನಂತ ಹೇಳ್ತೀರಿ?"

ಕಾರಣ ಹೇಳುವಂತಿಲ್ಲ, ಸಾಕ್ಷಿ ಬದಲಿಸುವಂತಿಲ್ಲ, ನಾನು ಹೋಗದಿದ್ದರೆ ತಂಡವೇ ಹೊರಗೆ. ಬಸಲಿಂಗಪ್ಪ ತನ್ನ ಊರಿನವರೆಲ್ಲ ಬರುತ್ತಾರೆಂದು ಆಗಲೇ ಕರಿಕೋಟು ಹೊಲಿಸಿದ್ದ. ಅದೆಲ್ಲ ನಿಜ. ಆದರೆ ಪೂರ್ತಿ ನಿಜ ಹೇಳುವುದಾದರೆ ನನಗೂ ಹೋಗಬೇಕೆನಿಸಿತ್ತು. ಹೆದರಿಕೆಯೂ ಇತ್ತು, ಆಸೆಯೂ ಇತ್ತು. ಆ ಆಸೆಗೆ ನಾನು ಇವತ್ತಿಗೂ ನಾಚುತ್ತೇನೆ.

ವೈನಿಯವರಿಗೆ ಬಸ್ಸು ಆಗಿಬರುವುದಿಲ್ಲ ಎಂದಷ್ಟೇ ಹುಡುಗರಿಗೆ ಹೇಳಿದ್ದು. ಖಾಜಾ ಮರುಮಾತಾಡದೆ ತನ್ನ ಚಿಕ್ಕಪ್ಪನ ಅಂಬಾಸಿಡರ್ ಕಾರು ತಂದ. ಮುಂದೆ ಕೂತು, ರಸ್ತೆಯಲ್ಲಿ ತಗ್ಗು ಕಂಡಾಗಲೆಲ್ಲ, "ಚಾಚಾ, ಆಹಿಸ್ತಾ" ಎನ್ನುತ್ತಿದ್ದ. ಅವನಿಗೇನು ಗೊತ್ತಾಗಿತ್ತೋ, ಅವನ ಮನೆಯಲ್ಲೂ ಅಕ್ಕಂದಿರಿದ್ದರು. ಹಿಂದಿನ ಸೀಟಿನಲ್ಲಿ ದಿಂಬು ಇಟ್ಟಿತ್ತು. ಆ ದಿಂಬಿಗಾಗಿ ಅವನ ತಾಯಿಗೆ ಮನಸ್ಸಿನಲ್ಲೇ ಕೈಮುಗಿದೆ.

ದೇವದುರ್ಗದಲ್ಲಿ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಪ್ರಮಾಣದಲ್ಲಿ ದೇವರು ಎನ್ನುವ ಮಾತು ಬಂದಾಗ ತುಟಿ ಮಾತ್ರ ಅಲ್ಲಾಡಿಸಿ, ದನಿ ನುಂಗಿಬಿಡುವುದು. ಹಾಗೇ ಮಾಡಿದೆ. ಪೀಠದಲ್ಲಿದ್ದ ಹಿರಿಯ ವಕೀಲರಿಗೆ ವಯಸ್ಸಾಗಿತ್ತು. ಕಿವಿಯ ಹಿಂದೆ ಅಂಗೈ ಇಟ್ಟು ಮುಂದಕ್ಕೆ ಬಾಗಿದರು.

"ತಾಯೀ, ಯಾರ ಮ್ಯಾಲೆ ಪ್ರಮಾಣ ಅಂದ್ರಿ? ನನಗ ಕೇಳಸಲಿಲ್ಲ. ಹಿಂದ ಕುಂತ ಜನರಿಗೂ ಕೇಳಸಬೇಕು, ಜೋರಾಗಿ ಹೇಳ್ರಿ."

ಅಷ್ಟು ಜನ ಕಾಯುತ್ತಿದ್ದರು. ಬಸಲಿಂಗಪ್ಪನ ತಾಯಿ ಮುಂದಿನ ಸಾಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ನನ್ನನ್ನೇ ನೋಡುತ್ತಿದ್ದಳು. ನಾನು ಜೋರಾಗಿ ಹೇಳಿದೆ. ಸಭಾಭವನದ ಕೊನೆಯ ಗೋಡೆಗೆ ಬಡಿದು ನನ್ನ ದನಿ ನನಗೇ ತಿರುಗಿ ಬಂತು. ಆಮೇಲೆ ಮುದುಕ ಧೋತರದ ಅಂಚಿಗೆ ಬೆರಳು ಒರೆಸಿಕೊಂಡದ್ದನ್ನೂ ಹೇಳಿದೆ. ಗೆದ್ದೆವು. ಬಸಲಿಂಗಪ್ಪನ ತಾಯಿ ನನ್ನ ಗಲ್ಲ ಹಿಡಿದು, ದೃಷ್ಟಿಯಾಗದಿರಲೆಂದು ಲಟಿಗೆ ಮುರಿದಳು.

ತಿರುಗಿ ಬರುವಾಗ ಅರ್ಧ ದಾರಿಯಲ್ಲಿ ಕಿಬ್ಬೊಟ್ಟೆ ಹಿಡಿದುಕೊಂಡಿತು. ಯಾರಿಗೂ ಹೇಳಲಿಲ್ಲ. ಮನೆಗೆ ಬಂದು ಬಚ್ಚಲಿಗೆ ಹೋದಾಗ ಕಲೆ ಕಂಡಿತು.

ಲೇಡಿ ಡಾಕ್ಟರು ಮನೆಗೇ ಬಂದು ಸೂಜಿ ಕೊಟ್ಟು, ಮಂಚದ ಕಾಲಿನ ಕಡೆ ಇಟ್ಟಿಗೆ ಇಡಿಸಿದರು. ಏಳಬಾರದು, ಎತ್ತಬಾರದು. ನಿಂತರೂ ನಿಂತೀತು, ಹೋದರೂ ಹೋದೀತು ಎಂದರು. ಕಲೆ ನಿಲ್ಲುವ ತನಕ ನಾನು ಮೈಲಿಗೆ. ದೇವರ ಮನೆಯ ಕಡೆ ಮುಖ ಮಾಡುವಂತಿಲ್ಲ, ಹೂವು ಮುಟ್ಟುವಂತಿಲ್ಲ. ಬೆಳಿಗ್ಗೆ ಅತ್ತೆಯವರ ಗಂಟೆಯ ಸದ್ದು ಕೇಳುತ್ತಿತ್ತು, ನಡುವೆ ಬಾಗಿಲು ಮುಚ್ಚಿರುತ್ತಿತ್ತು. ತಪ್ಪಾಯಿತು ಎಂದು ಅಡ್ಡ ಬೀಳಬೇಕಾದ ಹೊತ್ತಿಗೇ ಅಲ್ಲಿಗೆ ಹೋಗಲು ನನಗೆ ಕಾಲಿಲ್ಲದಂತಾಗಿತ್ತು. ಅತ್ತೆ ಮಂತ್ರಾಲಯಕ್ಕೆ ಹರಕೆ ಹೊತ್ತರು. "ನೀ ಯಾಕ ಇಷ್ಟು ಹೆದರ್ತಿ? ನಿನ್ನ ಕೈಯಾಗೇನದ?" ಅನ್ನುತ್ತಿದ್ದರು. ನನ್ನ ಕೈಯಲ್ಲಿ ಅಲ್ಲ, ನಾಲಿಗೆಯಲ್ಲಿತ್ತು. ಅದನ್ನು ಅವರಿಗೆ ಹೇಳಲು ಬಾಯಿ ಬರಲಿಲ್ಲ.

ದಿನ ಹೇಗೆ ಕಳೆದೆನೆಂದರೆ, ಪ್ರತಿ ಸಲ ಬಚ್ಚಲಿಗೆ ಹೋಗುವ ಮೊದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಬಿಳಿ ಕಂಡರೆ ಅರ್ಧ ದಿನ ಉಸಿರಾಡುತ್ತಿದ್ದೆ. ಹನ್ನೊಂದನೆಯ ದಿನ ಕಲೆ ನಿಂತಿತು. ಹನ್ನೆರಡನೆಯ ದಿನವೂ ಇರಲಿಲ್ಲ. ಅಷ್ಟಕ್ಕೇ ಅಂದು ಮೊದಲ ಸಲ ಅನ್ನ ರುಚಿಸಿತು.

ಒಂದು ಮಧ್ಯಾಹ್ನ ಖಾಜಾಹುಸೇನ ಹಣ್ಣು ತಂದ. ಪಡಸಾಲೆಯಲ್ಲೇ ನಿಂತು, ಕೋಣೆಯ ಬಾಗಿಲ ಕಡೆ ಮುಖ ಮಾಡಿ ಕ್ಷೇಮ ವಿಚಾರಿಸಿದ. ಇಷ್ಟು ದಿನ ಯಾರಿಗೂ ಹೇಳದ್ದು ಅವನ ಮುಂದೆ ಹೊರಬಿತ್ತು, ಮುಖ ಕಾಣುತ್ತಿರಲಿಲ್ಲವೆಂದು ಇರಬೇಕು.

"ಖಾಜಾ, ನಿಮ್ಮೊಳಗ ಸುಳ್ಳು ಪ್ರಮಾಣ ಮಾಡಿದ್ರ ಏನಾಗ್ತದ?"

"ಕಸಮ್ ಅಂದ್ರ ಸಾಕು, ಅಮ್ಮಿ ಬಾಯಿಮ್ಯಾಲೆ ಹೊಡಿತಾರ್ರೀ" ಅಂದ. ಮತ್ತೆ ತಡೆದು, "ವೈನಿಯವರ, ನನಗಿದು ಹೊಳಿಲೇ ಇಲ್ಲ ನೋಡ್ರಿ. ತಪ್ಪು ನಂದು" ಅಂದ.

ಮೂರು ದಿನದ ಮೇಲೆ ಒಂದು ದಪ್ಪ ಪುಸ್ತಕ ಹಿಡಿದು ಬಂದ. ಯಜಮಾನರೂ ಮನೆಯಲ್ಲಿದ್ದರು. "ಸರ, ದೇವರ ಹೆಸರು ತಗೊಳ್ಳಾಕ ಒಲ್ಲದವರು 'ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ' ಅಂದ್ರ ಸಾಕಂತ ಕಾಯಿದೆದಾಗ ಅದ. ವೈನಿಯವರು ಹಂಗ ಹೇಳ್ಬಹುದಲ್ರೀ?"

ಯಜಮಾನರು ನನ್ನ ಕಡೆ ತಿರುಗಿದರು. "ಇದನ್ನ ನನಗ ಕೇಳಿದ್ರ ಅವತ್ತೇ ಹೇಳ್ತಿದ್ದೆನಲ್ಲ?"

"ಕೇಳಿದ್ರ ನಗ್ತಿದ್ರಿ" ಅಂದೆ.

ಅವರು ನಗಲಿಲ್ಲ. ಮಂಚದ ಕೆಳಗಿನ ಇಟ್ಟಿಗೆ ಜರುಗಿದೆಯೇನೋ ಎಂದು ಬಗ್ಗಿ ನೋಡುವ ನೆಪ ಮಾಡಿದರು.

ಕೊನೆಯ ಸುತ್ತು ಫಾಲ್ಗುಣದಲ್ಲಿ. ಅಷ್ಟರಲ್ಲಿ ನಾಲ್ಕು ತಿಂಗಳು ತುಂಬಿ, ಡಾಕ್ಟರು ಓಡಾಡಲು ಬಿಟ್ಟಿದ್ದರು. ಮಾನ್ವಿಗೂ ಕಾಗದ ಹೋಗಿತ್ತು. ರಾಯಚೂರಿನ ಬಿಸಿಲು ಆಗಲೇ ಕಲ್ಲು ಕಾಯಿಸುತ್ತಿತ್ತು. ಸೈಕಲ್ ರಿಕ್ಷಾದಲ್ಲಿ ಸಭಾಭವನಕ್ಕೆ ಹೋದಾಗ ಬಾಗಿಲಲ್ಲಿ ಅಪ್ಪ ನಿಂತಿದ್ದರು, ಬೆಳಗಿನ ಬಸ್ಸಿಗೆ ಬಂದಿದ್ದರು. ನನ್ನ ಹೊಟ್ಟೆಯ ಕಡೆ ಒಂದು ಸಲ ನೋಡಿ, ಕಣ್ಣು ಕೆಳಗೆ ಹಾಕಿದರು.

ಕಟಕಟೆಯಲ್ಲಿ ನಾನು ದೇವರ ಹೆಸರು ಹೇಳಲಿಲ್ಲ. ದೃಢೀಕರಿಸುತ್ತೇನೆ ಎಂದೆ. ನ್ಯಾಯಾಧೀಶರು ತಲೆಯಾಡಿಸಿ ಬರೆದುಕೊಂಡರು. ಮೂರು ತಿಂಗಳಿಂದ ಎದೆಯ ಮೇಲಿದ್ದ ಗುಂಡುಕಲ್ಲು ಇಳಿದ ಹಾಗಾಯಿತು. ಖಾಜಾ ಕೇಳಿದ್ದಕ್ಕೆಲ್ಲ ಸಲೀಸಾಗಿ ಹೇಳಿದೆ. ಆಮೇಲೆ ಎದುರಿನ ತಂಡದ ವಕೀಲೆ ಎದ್ದಳು. ಕಲಬುರ್ಗಿ ಕಡೆಯ ಹುಡುಗಿ, ಬಿಳಿ ಸೀರೆಯ ಮೇಲೆ ಕರಿಕೋಟು, ನನಗಿಂತ ಚಿಕ್ಕವಳು. ಹೊರಸನ್ನು ಕೇಳಲಿಲ್ಲ, ಹೆಬ್ಬೆಟ್ಟನ್ನೂ ಕೇಳಲಿಲ್ಲ.

"ನಾಗಮ್ಮನವರ, ನೀವು ದೇವರನ್ನ ನಂಬ್ತೀರಿ?"

"ನಂಬ್ತೀನ್ರೀ."

"ದಿನಾ ಪೂಜಿ ಮಾಡ್ತೀರಿ?"

"ಮಾಡ್ತೀನ್ರೀ."

"ಹಂಗಿದ್ದ ಮ್ಯಾಲೆ ದೇವರ ಮ್ಯಾಲೆ ಪ್ರಮಾಣ ಮಾಡಾಕ ಯಾಕ ಒಲ್ಲೆ ಅಂದ್ರಿ?"

ಬಸಲಿಂಗಪ್ಪ ತಟ್ಟನೆ ಎದ್ದು ಆಕ್ಷೇಪಣೆ ಎಂದ. ಸಾಕ್ಷಿ ಉತ್ತರ ಹೇಳಲಿ ಎಂದರು ನ್ಯಾಯಾಧೀಶರು.

ಇದಕ್ಕೆ ನಾವು ಅಭ್ಯಾಸ ಮಾಡಿರಲಿಲ್ಲ. ಆದರೂ ನಾಗಮ್ಮನಿಗೆ ಸುಳ್ಳಿಗೆ ಬರವಿರಲಿಲ್ಲ. ಒಂದು ಮಾತು ತುದಿನಾಲಿಗೆಗೆ ಬಂದೇ ಬಂತು: ಮನ್ಯಾಗ ಸೂತಕ ಅದರೀ, ದೇವರ ಹೆಸರು ತಗೊಳ್ಳಂಗಿಲ್ಲ. ಎಲ್ಲರೂ ಒಪ್ಪುವ ಕಾರಣ, ಯಾರೂ ಮುಂದೆ ಕೇಳುತ್ತಿರಲಿಲ್ಲ. ಸೂತಕ ಅಂದರೆ ಮನೆಯಲ್ಲಿ ಸಾವು. ಹೊಟ್ಟೆಯಲ್ಲಿ ಇದನ್ನಿಟ್ಟುಕೊಂಡು ನನ್ನ ಬಾಯಿಂದ ಆ ಮಾತು ಹೇಗೆ ಹೊರಟೀತು? ಕಟಕಟೆಯ ಕಟ್ಟಿಗೆ ಬಿಗಿಯಾಗಿ ಹಿಡಿದೆ. ನಾಗಮ್ಮ ಎಲ್ಲಿಗೋ ಹೋಗಿಬಿಟ್ಟಿದ್ದಳು. ಅಲ್ಲಿ ನಾನೊಬ್ಬಳೇ ಇದ್ದೆ.

"ಸುಳ್ಳು ಹೇಳೋದಿತ್ತಲ್ರೀ, ಅದಕ್ಕ" ಅಂದೆ.

ಸಭೆಯೆಲ್ಲ ನಗೆಯಲ್ಲಿ ಮುಳುಗಿತು. ನ್ಯಾಯಾಧೀಶರೂ ಕರವಸ್ತ್ರ ಬಾಯಿಗೆ ಹಿಡಿದರು. ಆ ಹುಡುಗಿ, "ನನ್ನ ಪ್ರಶ್ನಿ ಮುಗಿದಾವ" ಎಂದು ಕೂತಳು.

ಸೋತೆವು. ಬಸಲಿಂಗಪ್ಪ ಅಂಗಳದಲ್ಲಿ ನನ್ನ ಎದುರು ಬಂದು ನಿಂತ. ಕಣ್ಣು ಕೆಂಪಾಗಿದ್ದವು. "ಒಂದು ಮಾತು, ವೈನಿಯವರ. ಬ್ಯಾರೆ ಏನರೆ ಒಂದು ಮಾತು ಹೇಳಿದ್ರ ಸಾಕಿತ್ತು" ಅಂದು ಕರಿಕೋಟು ತೋಳಿನ ಮೇಲೆ ಹಾಕಿಕೊಂಡು ಹೊರಟುಹೋದ. ಅವನು ಮತ್ತೆ ನಮ್ಮ ಮನೆಗೆ ಬರಲು ಒಂದು ವರ್ಷ ಹಿಡಿಯಿತು. ಅವನ ಸಿಟ್ಟು ಸರಿಯಾದದ್ದೇ. ಖಾಜಾ ಮಾತ್ರ ಪುಸ್ತಕಗಳನ್ನು ಕಟ್ಟುತ್ತ, "ಹೋಗ್ಲಿ ಬಿಡ್ರಿ ವೈನಿಯವರ, ಹಿರೇ ಮಗಗ ಹೊಲ ಸಿಕ್ತು" ಅಂದ. ಯಜಮಾನರು ನನ್ನನ್ನೂ ಅಪ್ಪನನ್ನೂ ರಿಕ್ಷಾ ಹತ್ತಿಸಿ, ತಾವು ಹುಡುಗರ ಜೊತೆ ಹಿಂದೆ ಉಳಿದರು.

ರಿಕ್ಷಾ ಕೋಟೆಯ ಗೋಡೆಯ ನೆರಳಿಗೆ ಬಂದಾಗ ಅಪ್ಪ ಮಾತಾಡಿದರು.

"ಅವತ್ತು ಮಾನ್ವ್ಯಾಗ ನಿನ್ನ ಮಾತು ಕೇಳಿ ನನಗ ಹೆದರಿಕಿ ಬಂದಿತ್ತು ರುಕ್ಕಾ."

"ದೇವರ ಹೆಸರು ಹಿಡಿದದ್ದಕ್ಕ ಹೌದಲ್ಲಪ್ಪಾ?"

"ದೇವರದು ದೇವರು ನೋಡ್ಕೋತಾನ. ನನ್ನ ಮಗಳು ಇಷ್ಟು ಸರಾಗ ಸುಳ್ಳು ಹೇಳ್ತಾಳ ಅಂದ್ರ, ನನಗ ಕಾಗದದಾಗ ಕ್ಷೇಮ ಅಂತ ಬರೀತಾಳಲ್ಲ, ಅದೇನು ಅಂತ ಹೆದರಿದೆ. ಮನಿಗೆ ಹೋಗಿ ನಿನ್ನ ಹಳೇ ಕಾಗದ ಎಲ್ಲಾ ತೆಗೆದು ಓದಿದೆ. ಎಲ್ಲಾದರಾಗೂ ಕ್ಷೇಮನ ಅದ."

ರಿಕ್ಷಾದವನು ಪೆಡಲಿನ ಮೇಲೆ ನಿಂತು ತುಳಿಯುತ್ತಿದ್ದ.

"ಎರಡನೇದೂ ಹೋಗಿತ್ತಪ್ಪಾ" ಅಂದೆ. "ಹೋದ ವರ್ಷ. ನಾ ಬರಿಲಿಲ್ಲ."

ಅಪ್ಪ ನನ್ನ ಕಡೆ ನೋಡಲಿಲ್ಲ. ಶಲ್ಯದ ತುದಿಯಿಂದ ಮುಖ ಒರೆಸಿಕೊಂಡರು, ಬೆವರೋ ಏನೋ. ಆಮೇಲೆ ಮುಂದಕ್ಕೆ ಬಾಗಿ ರಿಕ್ಷಾದವನ ಬೆನ್ನು ಮುಟ್ಟಿ, "ಸಾವಕಾಶ ಹೊಡಿಯಪ್ಪಾ, ಅವಸರ ಇಲ್ಲ" ಅಂದರು.

ಅಂದಿನಿಂದ ಹೆದರಿಕೆ ಹೋಯಿತೆಂದು ಬರೆದರೆ ಅದೂ ಸುಳ್ಳಾದೀತು. ಮೂರನೆಯ ಸಲ ನಾನು ನಿಜ ಹೇಳಿದ್ದೆ, ಆದರೆ ಮೊದಲಿನ ಎರಡು ಸಲ ಹಿಡಿದ ಹೆಸರು ಅಲ್ಲೇ ಇತ್ತು. ಐದು, ಆರು, ಏಳು ಎಂದು ತಿಂಗಳು ಏರಿದವು. ಹೊಟ್ಟೆಯಲ್ಲಿ ಅಲುಗಿದರೆ ಇದೆ ಎಂದು, ಅಲುಗದಿದ್ದರೆ ಇಲ್ಲವೇನೋ ಎಂದು. ಸಂಜೆ ದೀಪ ಹಚ್ಚುವಾಗ ಇವತ್ತೂ ಉಳಿಯಿತು ಎಂದು ಒಂದು ತುಳಸಿದಳ ಏರಿಸುತ್ತಿದ್ದೆ. ಬೇರೇನೂ ಬೇಡಲು ಧೈರ್ಯವಿರಲಿಲ್ಲ.

ಭಾದ್ರಪದದ ಒಂದು ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ನರ್ಸು ಒಂದು ದೊಡ್ಡ ಪುಸ್ತಕ ತೆರೆದು ಹೆಸರು, ಊರು ಬರೆದುಕೊಂಡಳು.

"ಎಷ್ಟನೇದ್ರೀ?"

"ಮೊದಲ" ಎಂದು ಅತ್ತೆಯವರು ಬಾಯಿ ತೆರೆದರು. ನಮ್ಮಲ್ಲಿ ಹಾಗೇ ಹೇಳುವುದು, ಹೋದವನ್ನು ಎಣಿಸುವುದಿಲ್ಲ.

"ಮೂರನೇದ್ರೀ" ಅಂದೆ ನಾನು. "ಎರಡು ಉಳಿಲಿಲ್ಲ."

ಅತ್ತೆ ನನ್ನನ್ನು ನೋಡಿದರು. ನರ್ಸು ತಲೆ ಎತ್ತದೆ ಬರೆದುಕೊಂಡು, ಒಳಗೆ ಹೋಗಿ ಡಾಕ್ಟರಿಗೆ ಅದನ್ನೇ ಹೇಳಿದಳು. ಅದು ತಿಳಿದದ್ದರಿಂದಲೇ ಡಾಕ್ಟರು ಅಂದು ಮಧ್ಯಾಹ್ನ ಮನೆಗೆ ಊಟಕ್ಕೆ ಹೋಗದೆ ನನ್ನ ಪಕ್ಕದಲ್ಲೇ ಉಳಿದರು.

ಎರಡು ಗಂಟೆಯ ಸುಮಾರಿಗೆ ಮಗು ಹುಟ್ಟಿತು. ಸದ್ದಿರಲಿಲ್ಲ. ಡಾಕ್ಟರು ಅದರ ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ತಟ್ಟುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ದೇವರ ಹೆಸರು ಹೇಳುತ್ತಾರೆ. ನನಗೆ ನಾಲಿಗೆ ಏಳಲಿಲ್ಲ, ಸುಮ್ಮನೆ ಆ ತಟ್ಟುವ ಸದ್ದನ್ನೇ ಕೇಳುತ್ತಿದ್ದೆ. ಮೂರು ಸಲ ತಟ್ಟಿದರು, ನಾಲ್ಕು ಸಲ ತಟ್ಟಿದರು. ಆಮೇಲೆ ಅತ್ತಿತು. ಕೋಣೆ ತುಂಬುವ ಹಾಗೆ, ಸಿಟ್ಟಿಗೆದ್ದವರ ಹಾಗೆ ಅತ್ತಿತು.

ನರ್ಸು ಬಾಗಿಲು ತೆರೆದು ಹೇಳಿದಳು: "ಹೆಣ್ಣು ಕೂಸು. ಇಬ್ಬರೂ ಆರಾಮ ಇದ್ದಾರ."

ಹೊರಗಿನಿಂದ ಅತ್ತೆಯವರ ದನಿ ಕೇಳಿಸಿತು. "ಖರೇ ಹೇಳಾಕತ್ತೀ ಏನವ್ವಾ?"

"ಖರೇನ್ರೀ" ಅಂದಳು ನರ್ಸು. "ಒಳಗ ಬಂದು ಕಣ್ಣಾರೆ ನೋಡ್ರಿ."